ನಮ್ಮವರೆಂಬ ಸಲುಗೆಗೂ ಒಂದು ಗಡುವು ಬೇಕು

ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ನಮ್ಮನ್ನು ಬಲ್ಲರು. ಫೋರ್ಟಿನ ಹಳೆಯ ಕಟ್ಟಡಗಳ ಮೇಲ್ಮಹಡಿಗಳಲ್ಲಿ, ಮಾಟುಂಗದ ಓಣಿಗಳಲ್ಲಿ, ಡೊಂಬಿವಲಿ ಬೊರಿವಲಿಗಳ ಒಂದೇ ಕೋಣೆಯ ಆಫೀಸುಗಳಲ್ಲಿ ಕುಳಿತು ಲೆಕ್ಕಪತ್ರ ನೋಡುವವರು, ಆದಾಯ ತೆರಿಗೆಯ ರಿಟರ್ನ್ ತುಂಬಿಸಿ ಕೊಡುವವರು ನಾವು. ಸಂಘದ ರಾಜ್ಯೋತ್ಸವದಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತೇವೆ. ಊರಿನಿಂದ ಮೇಳ ಬಂದಾಗ ಯಕ್ಷಗಾನಕ್ಕೆ ನಿಮ್ಮ ಜೊತೆಯಲ್ಲೇ ಚಂದಾ ಕೊಟ್ಟಿರುತ್ತೇವೆ. ಆದ್ದರಿಂದ ಮುಖ ನೋಡಿ ಹೇಳಲು ದಾಕ್ಷಿಣ್ಯ ಅಡ್ಡಬರುವ ಮಾತೊಂದನ್ನು ಇಲ್ಲಿ ಬರೆದೇ ಹೇಳಬೇಕಾಗಿದೆ. ಕೆಲಸದ ಹಂಗಾಮಿನಲ್ಲಿ ನಮ್ಮನ್ನು ಎಲ್ಲರಿಗಿಂತ ಹೆಚ್ಚು ಕಾಡುವ ಗಿರಾಕಿಗಳು ನಮ್ಮವರೇ. ಈ ಕಾಟಕ್ಕೆ ಅವರು ಮುಂದಿಡುವ ಸಮರ್ಥನೆಯೂ ಒಂದೇ: ‘ನಾವು ನಿಮ್ಮವರಲ್ಲವೇ?’

ಆ ಪ್ರಶ್ನೆಗೆ ಉತ್ತರ ಕೊಡದೆ ಬಹಳ ವರ್ಷ ನಕ್ಕು ಸುಮ್ಮನಾಗಿದ್ದೇವೆ. ಇನ್ನು ಸುಮ್ಮನಿರುವುದು ನಮಗೂ ಒಳ್ಳೆಯದಲ್ಲ, ಕೇಳುವವರಿಗೂ ಒಳ್ಳೆಯದಲ್ಲ.

ಮೊದಲು ಈ ಹಂಗಾಮಿನ ಸ್ವರೂಪವನ್ನು ವಿವರಿಸಬೇಕು. ಹಿಂದೆ ಒಬ್ಬ ವ್ಯಾಪಾರಿ ದೀಪಾವಳಿಗೆ ಲೆಕ್ಕ ಮುಗಿಸುತ್ತಿದ್ದ, ಇನ್ನೊಬ್ಬ ಡಿಸೆಂಬರಿಗೆ, ಮತ್ತೊಬ್ಬ ಮಾರ್ಚಿಗೆ. ಅವರವರ ವರ್ಷ ಅವರವರಿಗಿತ್ತು. ಲೆಕ್ಕ ಬರೆಯುವವರ ಕೆಲಸವೂ ಅಷ್ಟಿಷ್ಟು ಹಂಚಿಹೋಗುತ್ತಿತ್ತು. 1989-90ರ ತೆರಿಗೆ ನಿರ್ಧಾರಣಾ ವರ್ಷದಿಂದ ಎಲ್ಲರ ವರ್ಷವೂ ಮಾರ್ಚ್ 31ಕ್ಕೇ ಮುಗಿಯಬೇಕೆಂದಾಯಿತು. ಅಂದಿನಿಂದ ಎಲ್ಲರ ಹೊರೆಯೂ ಒಟ್ಟಿಗೇ ಬಂದು ಬೀಳುತ್ತದೆ. ಸಂಬಳದವರಿಗೆ ಅವರ ಕಂಪೆನಿಯಿಂದ ಫಾರ್ಮ್ 16 ಕೈಸೇರುವ ಗಡುವು ಜೂನ್ 15. ಅವರ ರಿಟರ್ನಿಗೆ ಸಾಮಾನ್ಯವಾಗಿರುವ ಗಡುವು ಜುಲೈ 31. ನಡುವೆ ಸಿಗುವುದು ಆರೂವರೆ ವಾರ. ಆ ಆರೂವರೆ ವಾರದಲ್ಲೂ ಹೋಟೆಲಿನವರ, ಅಂಗಡಿಯವರ ಜಿ.ಎಸ್.ಟಿ. ಕೆಲಸ ನಿಲ್ಲುವುದಿಲ್ಲ, ತಿಂಗಳು ತಿಂಗಳು ಸಲ್ಲಿಸುವವರ ಮಾರಾಟದ ವಿವರ 11ಕ್ಕೆ ಹೋಗಬೇಕು, ತೆರಿಗೆ ಕಟ್ಟಿದ ರಿಟರ್ನ್ 20ಕ್ಕೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿ.ಡಿ.ಎಸ್. ವಿವರಕ್ಕೂ ಜುಲೈ 31ರದೇ ಗಡುವು. ಇದೆಲ್ಲ ನಡೆಯುವುದು ಮುಂಬಯಿಯ ಮಳೆಗಾಲದಲ್ಲಿ. ಹಳಿಯ ಮೇಲೆ ನೀರು ನಿಂತು ಲೋಕಲ್ ನಿಂತಿತೆಂದರೆ ಒಂದು ದಿನ ಹೋಯಿತೆಂದೇ ಲೆಕ್ಕ.

ಇಷ್ಟಿದ್ದರೂ ನಮ್ಮ ಜನ ಬರುವುದು ಯಾವಾಗ? 2024ರಲ್ಲಿ ಜುಲೈ 31ರವರೆಗೆ ದೇಶದಲ್ಲಿ ಸಲ್ಲಿಕೆಯಾದ ರಿಟರ್ನ್‌ಗಳು 7.28 ಕೋಟಿಗೂ ಹೆಚ್ಚು. ಅವುಗಳಲ್ಲಿ 69.92 ಲಕ್ಷ ಬಂದದ್ದು ಆ ಕೊನೆಯ ಒಂದೇ ದಿನ. ಹತ್ತರಲ್ಲಿ ಒಂದು ಪಾಲಿಗೆ ಹತ್ತಿರ! ಸಮಯ ಸಾಲದೆ ಹೀಗಾಯಿತು ಎನ್ನುವವರು 2025ರ ಕಥೆಯನ್ನು ನೆನೆಯಬೇಕು. ಆ ವರ್ಷ ಸರ್ಕಾರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ನಲವತ್ತಾರು ದಿನ ಹೆಚ್ಚಿಗೆ ಸಿಕ್ಕಿತು. ನಾವು ಫೋನು ಮಾಡಿದರೆ, ಆಗಸ್ಟ್ 27ರ ಚೌತಿ ಕಳೆಯಲಿ ಎಂದರು. ವಿಸರ್ಜನೆ ಮುಗಿಯಲಿ ಎಂದರು. ‘ಇನ್ನೂ ಮುಂದೆ ಹಾಕುತ್ತಾರಂತಲ್ಲ’ ಎಂದು ನಮಗೇ ಸುದ್ದಿ ಹೇಳಿದರು. ಕೊನೆಗೆ ಇಲಾಖೆಯ ಜಾಲತಾಣ ತಡವರಿಸಿ ಗಡುವು ಇನ್ನೊಂದು ದಿನ ಮುಂದೆ ಹೋಯಿತು. ಆ ಒಂದು ದಿನಕ್ಕೂ ಕಾದಿದ್ದವರು ಇದ್ದರು! ಬಾಯಾರಿದ ಮೇಲೆ ಬಾವಿ ತೋಡುವವರಿಗೆ ಎಷ್ಟು ದಿನ ಕೊಟ್ಟರೂ ಸಾಲದು.

ತಡವಾಗಿ ಬಂದವರು ಎಲ್ಲ ಕಾಗದಗಳನ್ನಾದರೂ ಸರಿಯಾಗಿ ತರುತ್ತಾರೆಯೇ? ಅದೂ ಇಲ್ಲ. ಪಾಸ್‌ಬುಕ್ಕಿನ ಫೋಟೋ ವಾಟ್ಸ್‌ಆಪಿನಲ್ಲಿ ಬರುತ್ತದೆ, ಓರೆಯಾಗಿ, ಬೇಕಾದ ಅಂಕಿಯ ಮೇಲೆಯೇ ಹೆಬ್ಬೆರಳು. ‘ಇಷ್ಟೇ ಇರುವುದು, ಬೇರೆ ಏನೂ ಇಲ್ಲ’ ಎಂಬ ಭರವಸೆ ಬೇರೆ. 2021ರ ನವೆಂಬರಿನಿಂದ ಎ.ಐ.ಎಸ್. ಎಂಬ ವಾರ್ಷಿಕ ಮಾಹಿತಿ ಪಟ್ಟಿ ಜಾಲತಾಣದಲ್ಲೇ ಸಿಗುತ್ತದೆ. ಬ್ಯಾಂಕಿನ ಬಡ್ಡಿ, ಡಿವಿಡೆಂಡ್, ಷೇರು ಮಾರಾಟ ಎಲ್ಲವೂ ಅದರಲ್ಲಿ ಕಾಣುತ್ತವೆ. ತೆರೆದು ನೋಡಿದರೆ, ಮಗ ತಾಯಿಯ ಖಾತೆಯಲ್ಲಿ ವರ್ಷವಿಡೀ ಷೇರಿನ ಆಟ ಆಡಿದ್ದು ರಾತ್ರಿ ಒಂಬತ್ತಕ್ಕೆ ಬಯಲಾಗುತ್ತದೆ. ತಾಯಿಗೆ ಗೊತ್ತಿಲ್ಲ, ಮಗ ಫೋನು ಎತ್ತುವುದಿಲ್ಲ. ಹೇಗೋ ಲೆಕ್ಕ ಕೂಡಿಸಿ ಸಲ್ಲಿಸಲು ಹೊರಟರೆ ಒ.ಟಿ.ಪಿ. ಬೇಕು. ಒ.ಟಿ.ಪಿ. ಹೋಗುವುದು ಗಿರಾಕಿಯ ಫೋನಿಗೆ. ಗಿರಾಕಿ ಊರಿನ ಮದುವೆಯಲ್ಲಿ, ಸಿಗ್ನಲ್ ಸಿಗದ ಗುಡ್ಡದ ಬುಡದಲ್ಲಿ. ಸಲ್ಲಿಸಿದ 30 ದಿನಗಳೊಳಗೆ ದೃಢೀಕರಿಸದಿದ್ದರೆ ರಿಟರ್ನ್ ಸಲ್ಲಿಸಿಯೂ ಸಲ್ಲಿಸದಂತೆ ಎಂಬುದನ್ನು ಅವರಿಗೆ ಎಷ್ಟು ಸಲ ಹೇಳುವುದು?

ತಡವಾದರೆ ನಷ್ಟ ಅವರಿಗೇ. ಆದಾಯ 5 ಲಕ್ಷ ಮೀರಿದವರಿಗೆ 5,000 ರೂಪಾಯಿ, ಮೀರದವರಿಗೆ 1,000 ರೂಪಾಯಿ ವಿಳಂಬ ಶುಲ್ಕ. ಷೇರು ವ್ಯವಹಾರದ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆದುಕೊಳ್ಳುವ ಹಕ್ಕೂ ತಪ್ಪುತ್ತದೆ. ಆದರೆ ಬೈಗುಳ ಮಾತ್ರ ನಮಗೆ. ಮೇ ತಿಂಗಳಲ್ಲಿ ಕೇಳಿದ ಕಾಗದವನ್ನು ಜುಲೈ 30ಕ್ಕೆ ತಂದುಕೊಟ್ಟವರು, ಆಗಸ್ಟ್ 1ಕ್ಕೆ ಸಂಘದ ಮೆಟ್ಟಿಲ ಮೇಲೆ ನಿಂತು ‘ಅವರಲ್ಲಿ ಕೊಟ್ಟರೆ ಕೆಲಸ ಆಗುವುದಿಲ್ಲ’ ಎಂದು ನಾಲ್ಕು ಜನಕ್ಕೆ ಹೇಳುತ್ತಾರೆ.

ಈ ಗದ್ದಲದ ಭಾರ ಬೀಳುವುದು ಯಾರ ಮೇಲೆ ಎಂಬುದನ್ನು ನೀವು ನೋಡಿಲ್ಲ. ನಮ್ಮ ಆಫೀಸುಗಳಲ್ಲಿ ಆರ್ಟಿಕಲ್‌ಶಿಪ್ ಮಾಡುವ ಹುಡುಗ ಹುಡುಗಿಯರಿದ್ದಾರೆ. ಕೈಗೆ ಸಿಗುವ ಸ್ಟೈಪೆಂಡ್ ಅಲ್ಪ, ಮುಂದೆ ಸಿ.ಎ. ಪರೀಕ್ಷೆ ಇದೆ. ಇವರಲ್ಲಿ ಅನೇಕರು ನಿಮ್ಮದೇ ಮಕ್ಕಳು, ನಿಮ್ಮ ಅಕ್ಕ ತಂಗಿಯರ ಮಕ್ಕಳು. ರಾತ್ರಿ ಹತ್ತಕ್ಕೆ ನೀವು ಕಳುಹಿಸಿದ ಕಾಗದವನ್ನು ಬಿಡಿಸಿ, ಕಣ್ಣು ಉಜ್ಜಿಕೊಂಡು ಅಂಕಿ ತುಂಬಿಸಿ, ಕಲ್ಯಾಣದ ಕೊನೆಯ ಲೋಕಲಿಗೆ ಓಡುವವರು ಅವರೇ. ಮನೆಯ ಮಗಳು ಮಧ್ಯರಾತ್ರಿ ಬಂದರೆ ‘ಇದೆಂಥ ಆಫೀಸು?’ ಎಂದು ಗದರುವ ತಂದೆಯೇ ಬೇರೊಂದು ಆಫೀಸಿನ ಹುಡುಗಿಯನ್ನು ಮಧ್ಯರಾತ್ರಿಯವರೆಗೆ ಕೂರಿಸುವ ಗಿರಾಕಿಯೂ ಆಗಿರುತ್ತಾನೆ. ಅವನಿಗೆ ಇದು ಹೊಳೆದೇ ಇರುವುದಿಲ್ಲ.

ಇನ್ನು ಫೀಸಿನ ಮಾತು. ‘ಎಂತ ಮಾರಾಯ್ರೆ, ನಮ್ಮಲ್ಲೂ ಫೀಸಾ?’ ಎಂದು ಕರಾವಳಿಯವರು ನಗುತ್ತಾರೆ. ‘ಏನ್ರೀ ಸಾಹೇಬ್ರ, ನಮ್ಮ ನಿಮ್ಮ ನಡುವ ರೊಕ್ಕದ ಮಾತೇನ್ರಿ?’ ಎಂದು ಬಿಜಾಪುರದ ಕಡೆಯವರು ಬೆನ್ನು ತಟ್ಟುತ್ತಾರೆ. ನುಡಿ ಬೇರೆ, ಅರ್ಥ ಒಂದೇ. ‘ಎರಡು ಗುಂಡಿ ಒತ್ತುವ ಕೆಲಸ ತಾನೆ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಇವರೇ ವ್ಯಾಪಾರ ಬೆಳೆದೊಡನೆ ನರೀಮನ್ ಪಾಯಿಂಟಿನ ದೊಡ್ಡ ಆಫೀಸಿಗೆ ಹೋಗಿ, ಅಲ್ಲಿ ಕೇಳಿದಷ್ಟು ಫೀಸನ್ನು ಮುಂಗಡವಾಗಿ ಕೊಟ್ಟು, ಹೇಳಿದ ದಿನಕ್ಕೆ ಫೈಲು ಒಪ್ಪಿಸಿ ಕೈಕಟ್ಟಿ ಕೂರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿರಬೇಕು.

ಹೋಟೆಲಿನ ಮಾಲೀಕರಿಗೆ ಒಂದು ಪ್ರಶ್ನೆ. ನಿಮ್ಮ ಗಲ್ಲಾದ ಹಿಂದೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡನ್ನು ತೂಗುಹಾಕಿದವರು ನೀವೇ ಅಲ್ಲವೇ? ಮೂರು ಗಂಟೆಗೆ ಊಟ ಮುಗಿಯಿತೆಂದರೆ ಮುಗಿಯಿತು. ನಾಲ್ಕಕ್ಕೆ ಬಂದು ‘ನಾನು ನಿಮ್ಮ ಊರಿನವನೇ, ಹೊಸದಾಗಿ ಅನ್ನ ಬೇಯಿಸಿ, ಹಣ ಆಮೇಲೆ’ ಎನ್ನುವವನನ್ನು ನೀವು ಏನೆಂದು ಕರೆಯುತ್ತೀರಿ? ಅನ್ನಕ್ಕೆ ಹೊತ್ತಿದೆ, ಬೆಲೆಯಿದೆ ಎಂದಮೇಲೆ ಅಂಕಿಗೂ ಹೊತ್ತಿರಬೇಕು, ಬೆಲೆಯಿರಬೇಕು.

ಇವೆಲ್ಲಕ್ಕಿಂತ ದೊಡ್ಡ ಆಪತ್ತು ಇನ್ನೊಂದಿದೆ. ತಡವಾಗಿ ಬರುವವನ ಮೇಲೆ ಸಿಟ್ಟು ಬರಬಹುದು, ಫೀಸು ಕೊಡದವನನ್ನು ಕ್ಷಮಿಸಲೂಬಹುದು. ಆದರೆ ‘ಪಕ್ಕದ ಮನೆಯವನಿಗೆ ನಲವತ್ತು ಸಾವಿರ ರಿಫಂಡ್ ಬಂತು, ನಮಗೇಕೆ ಇಲ್ಲ?’ ಎಂದು ಕೇಳುವವನು ಅಪಾಯಕಾರಿ. ಕಟ್ಟದ ಬಾಡಿಗೆ, ಕೊಡದ ದೇಣಿಗೆ, ತುಂಬದ ವಿಮೆಯ ಕಂತು, ಇವನ್ನೆಲ್ಲ ‘ಸ್ವಲ್ಪ ಸೇರಿಸಿ’ ಎಂಬುದು ಅವನ ಬೇಡಿಕೆ. ಒಲ್ಲೆವೆಂದರೆ ‘ನಮ್ಮವರಾಗಿ ಇಷ್ಟೂ ಮಾಡುವುದಿಲ್ಲವೇ?’ ಎನ್ನುತ್ತಾನೆ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಮಹಾರಾಷ್ಟ್ರವೂ ಸೇರಿದಂತೆ ದೇಶದ ಹಲವೆಡೆ ಇಂಥ ಸುಳ್ಳು ಕಡಿತಗಳನ್ನು ತೋರಿಸಿಕೊಡುತ್ತಿದ್ದವರ ಮೇಲೆ ತಪಾಸಣೆ ಆರಂಭಿಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆಗಳನ್ನು ಹಿಂತೆಗೆದುಕೊಂಡರೆಂದು ಇಲಾಖೆಯೇ ತಿಳಿಸಿತು. 1961ರ ಕಾಯಿದೆಯ 270ಎ ಕಲಮಿನಂತೆ, ಆದಾಯವನ್ನು ಬೇಕೆಂದೇ ತಪ್ಪಾಗಿ ತೋರಿಸಿದರೆ ಆ ಆದಾಯದ ಮೇಲಿನ ತೆರಿಗೆಯ ಎರಡು ಪಟ್ಟು, ಅಂದರೆ ಶೇಕಡಾ 200ರಷ್ಟು ದಂಡ. ನೋಟೀಸು ಬರುವುದು ರಿಟರ್ನಿನಲ್ಲಿ ಹೆಸರಿರುವವನಿಗೆ. ರಿಫಂಡಿನಲ್ಲಿ ಪಾಲು ಪಡೆದ ಮಧ್ಯವರ್ತಿಯ ಫೋನು ಆ ಹೊತ್ತಿಗೆ ಬಂದ್ ಆಗಿರುತ್ತದೆ. ಹೀಗಿರುವಾಗ ‘ಆಗುವುದಿಲ್ಲ’ ಎಂದವನು ನಿಮ್ಮವನೋ, ‘ಆಗಲಿ’ ಎಂದವನು ನಿಮ್ಮವನೋ?

ನಮ್ಮ ಮಾತಿಗೆ ಎದುರು ಮಾತುಗಳು ಇಲ್ಲದಿಲ್ಲ. ನಸುಕಿನಲ್ಲಿ ಹೋಟೆಲಿನ ಬಾಗಿಲು ತೆರೆದು ರಾತ್ರಿ ಹನ್ನೊಂದಕ್ಕೆ ಮುಚ್ಚುವವನಿಗೆ ಕಾಗದ ಜೋಡಿಸಲು ಪುರುಸೊತ್ತೆಲ್ಲಿ ಎನ್ನುತ್ತಾರೆ. ನಿಜ. ಅಂಥವರಿಗೆ ಪ್ರತಿ ತಿಂಗಳೂ ಒಬ್ಬ ಹುಡುಗನನ್ನು ಕಳುಹಿಸಿ ಬಿಲ್ಲುಗಳನ್ನು ತರಿಸಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿ ಅನೇಕರು ಮಾಡಿದ್ದೇವೆ. ವರ್ಷದಲ್ಲಿ ಹನ್ನೆರಡು ಸಲ ಹತ್ತು ನಿಮಿಷ ಕೊಟ್ಟವನಿಗೆ ಜುಲೈಯಲ್ಲಿ ಗಾಬರಿಯಿಲ್ಲ. ಇಂಗ್ಲಿಷ್ ಬಾರದ ಹಿರಿಯರು ಯಾರಲ್ಲಿಗೆ ಹೋಗಬೇಕು ಎಂದೂ ಕೇಳುತ್ತಾರೆ. ಅವರು ನಮ್ಮಲ್ಲಿಗೇ ಬರಬೇಕು. ಪಿಂಚಣಿಯ ಮೇಲೆ ಬದುಕುವ ಹಿರಿಯರಿಗೆ, ಗಂಡನನ್ನು ಕಳೆದುಕೊಂಡು ಬ್ಯಾಂಕಿನ ಕಾಗದಗಳ ಮುಂದೆ ದಿಕ್ಕು ತೋಚದೆ ಕುಳಿತ ತಾಯಂದಿರಿಗೆ ಒಂದು ಕಾಸೂ ಪಡೆಯದೆ ಮಾಡಿಕೊಟ್ಟಿದ್ದೇವೆ, ಮಾಡಿಕೊಡುತ್ತೇವೆ. ನಮ್ಮ ಜಗಳ ಇರುವುದು ಅವರ ಹೆಸರಿನಲ್ಲಿ ರಿಯಾಯಿತಿ ಪಡೆಯುವ ಅನುಕೂಲಸ್ಥರೊಡನೆ. ವಿಚಿತ್ರವೆಂದರೆ ಆ ಬಡ ತಾಯಿಯೇ ಜೂನ್ ತಿಂಗಳಲ್ಲಿ ಎಲ್ಲ ಕಾಗದಗಳನ್ನೂ ಒಂದು ಕವರಿನಲ್ಲಿ ಜೋಡಿಸಿ ತಂದಿರುತ್ತಾಳೆ. ಕೊನೆಯ ರಾತ್ರಿಯ ಗಿರಾಕಿಗೆ ಸಾಮಾನ್ಯವಾಗಿ ಎರಡು ಫ್ಲಾಟು, ಒಂದು ಕಾರು.

ಇನ್ನು ಕೆಲವರು, ಗಿರಾಕಿಯೇ ದೇವರು, ತಾಳ್ಮೆಯೇ ವೃತ್ತಿಧರ್ಮ ಎಂದು ನಮಗೆ ಬೋಧಿಸುತ್ತಾರೆ. ದೇವರಿಗೂ ಪೂಜೆಯ ಹೊತ್ತಿದೆ. ಬಾಗಿಲು ಹಾಕಿದ ಮೇಲೆ ಯಾವ ಭಟ್ಟರೂ ಗರ್ಭಗುಡಿ ತೆರೆಯುವುದಿಲ್ಲ. ತಾಳ್ಮೆಯ ಹೆಸರಿನಲ್ಲಿ ಕೊನೆಯ ರಾತ್ರಿಯ ಇಪ್ಪತ್ತು ಫೈಲುಗಳನ್ನು ಒಪ್ಪಿಕೊಂಡರೆ, ಹೊತ್ತಿಗೆ ಬಂದ ಗಿರಾಕಿಯ ಫೈಲಿನಲ್ಲಿ ಅಂಕಿ ತಪ್ಪುವ ಅಪಾಯವಿದೆ. ಒಬ್ಬನ ದಾಕ್ಷಿಣ್ಯಕ್ಕೆ ಇನ್ನೊಬ್ಬನನ್ನು ಬಲಿಕೊಡುವುದು ಯಾವ ಧರ್ಮ?

ಆದ್ದರಿಂದ ನಮ್ಮ ಬೇಡಿಕೆಗಳನ್ನು ನೇರವಾಗಿ ಮುಂದಿಡುತ್ತೇವೆ. ಸಂಬಳದವರು ಫಾರ್ಮ್ 16 ಬಂದ ಹತ್ತು ದಿನಗಳೊಳಗೆ ಎಲ್ಲ ಕಾಗದ ಕೊಡಲಿ. ಬ್ಯಾಂಕು, ಷೇರು, ಬಾಡಿಗೆ, ಊರಿನ ಜಾಗ ಮಾರಿದ ಹಣ, ಯಾವುದನ್ನೂ ಮುಚ್ಚಿಡದಿರಲಿ, ಮುಚ್ಚಿಟ್ಟರೂ ಎ.ಐ.ಎಸ್. ಹೇಳಿಬಿಡುತ್ತದೆ. ಫೀಸು ಎಷ್ಟೆಂಬುದು ಕೆಲಸಕ್ಕೆ ಮೊದಲೇ ಮಾತಾಗಲಿ, ಮಾತಾದದ್ದು ಕೆಲಸ ಮುಗಿದ ದಿನ ಕೈಸೇರಲಿ. ಜುಲೈ 20ರ ಅನಂತರ ಹೊಸ ಫೈಲು ತಂದವರು ‘ಇಲ್ಲ’ ಎಂಬ ಉತ್ತರಕ್ಕೆ ಸಿದ್ಧರಾಗಿರಲಿ; ಸುಳ್ಳು ಕಡಿತ ಕೇಳುವವರು ಯಾವ ತಿಂಗಳಿನಲ್ಲೂ ಬರುವುದು ಬೇಡ. ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು: ಒಬ್ಬರು ಇಲ್ಲವೆಂದ ಗಿರಾಕಿಯನ್ನು ಇನ್ನೊಬ್ಬರು ಅರ್ಧ ಫೀಸಿಗೆ ಕರೆದು ಕೂರಿಸಿದರೆ ಈ ರೋಗ ವಾಸಿಯಾಗದು.

ಸಂಘಕ್ಕೂ ಇಲ್ಲಿ ಕೆಲಸವಿದೆ. ಜೂನ್ ಕೊನೆಯ ಒಂದು ಭಾನುವಾರ ಸಭಾಂಗಣವನ್ನು ಬಿಟ್ಟುಕೊಡಲಿ. ಯಾವ ಕಾಗದ ಬೇಕು, ಯಾವ ದಿನದೊಳಗೆ ಬೇಕು, ಒ.ಟಿ.ಪಿ. ಬರುವ ನಂಬರು ಸರಿಯಿದೆಯೇ ಎಂಬುದನ್ನು ನಾವು ಬಂದು ಕನ್ನಡದಲ್ಲಿ ತಿಳಿಸಿಕೊಡುತ್ತೇವೆ. ಕೈಲಾಗದವರ ರಿಟರ್ನನ್ನು ಅಂದೇ, ಅಲ್ಲಿಯೇ, ಉಚಿತವಾಗಿ ತುಂಬಿಸುತ್ತೇವೆ. ಇದಕ್ಕೆ ಹಾರ ಬೇಡ, ಶಾಲು ಬೇಡ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು ಕಟ್ಟಿದ ಸಮಾಜ ನಮ್ಮದು. ದುಡಿಮೆಯ ಹೊತ್ತಿಗೂ ನಿದ್ದೆಯ ಹೊತ್ತಿಗೂ ಬೆಲೆಯಿದೆ ಎಂಬುದನ್ನು ಅಂಥವರ ಮಕ್ಕಳಿಗೆ ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ‘ನಾವು ನಿಮ್ಮವರಲ್ಲವೇ?’ ಎಂದು ಇನ್ನು ಮುಂದೆ ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಹೌದು, ನಮ್ಮವರೇ. ಆದ್ದರಿಂದಲೇ ಜೂನ್ ತಿಂಗಳಲ್ಲಿ ಬನ್ನಿ.