ಮನವಿಗೆ ನಾವೇಕೆ ಸಹಿ ಹಾಕಲಿಲ್ಲ

ಕಳೆದ ಮಾಸಿಕ ಸಭೆಯಲ್ಲಿ ಬಳಗದ ಮುಂದೆ ಬಂದ ಮನವಿಪತ್ರದ ಬಗ್ಗೆ ಹಲವು ಓದುಗರು ವಿಚಾರಿಸಿದ್ದಾರೆ. ಶನಿವಾರ ಹಾಗೂ ಭಾನುವಾರಗಳಂದು ಪ್ರವಾಸಿ ಬೈಕುಗಳು ಬೆಟ್ಟದ ರಸ್ತೆಗೆ ಬರದಂತೆ ನಿಷೇಧಿಸಬೇಕು ಎಂದು ಜಿಲ್ಲಾಧಿಕಾರಿಗಳನ್ನು ಕೋರುವ ಪತ್ರ ಅದು. ಊರಿನ ಅನೇಕ ಹಿರಿಯರು ಆಗಲೇ ಸಹಿ ಹಾಕಿದ್ದರು. ಬಳಗದ ಪರವಾಗಿ ನಾವು ಹಾಕಲಿಲ್ಲ. ಕಾಡಿನ ಮಾತು ಬಂದಾಗ ಮೊದಲ ಸಾಲಿನಲ್ಲಿ ನಿಲ್ಲುವ ಬಳಗ ಇದೊಂದರಲ್ಲಿ ಹಿಂದೆ ಸರಿದದ್ದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳುವುದು ನಮ್ಮ ಹೊಣೆ.

ಸಹಿ ಹಾಕಿದವರ ಸಿಟ್ಟು ಸುಳ್ಳಲ್ಲ. ಭಾನುವಾರ ಬೆಳಗಿನ ಏಳು ಗಂಟೆಗೆ ಕಣಿವೆಯ ಕೆಳಗಿನಿಂದ ಎದ್ದು ತಿರುವಿನಿಂದ ತಿರುವಿಗೆ ಏರುತ್ತ ಬರುವ ಆ ಅಬ್ಬರವನ್ನು ನಾವೂ ಕೇಳಿದ್ದೇವೆ. ಹದಿನೈದು ಇಪ್ಪತ್ತು ಬೈಕುಗಳು ಒಟ್ಟಿಗೆ ಬಂದರೆ ಹಟ್ಟಿಯ ದನ ಹಗ್ಗ ಕಿತ್ತುಕೊಳ್ಳುತ್ತವೆ, ತೊಟ್ಟಿಲ ಕೂಸು ಬೆಚ್ಚಿ ಎದ್ದು ಅಳುತ್ತದೆ. ಅವರು ಬಿಟ್ಟುಹೋಗುವ ಬಾಟಲಿ, ಚಿಪ್ಸ್ ಪೊಟ್ಟಣಗಳ ಬಗ್ಗೆ ಈ ಪತ್ರಿಕೆಯಲ್ಲಿ ಎಷ್ಟೋ ಸಲ ಬರೆದಾಗಿದೆ. ಇಲ್ಲಿ ಮತ್ತೆ ಬರೆಯುವುದಿಲ್ಲ.

ಇವರು ಬರುವ ದಾರಿಯನ್ನು ಮೊದಲು ನೋಡೋಣ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ನಡೆಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಭಾರೀ ವೇಗದ ಕಾರುಗಳ ನಡುವೆ ನಿಧಾನದ ವಾಹನಗಳು ಸಿಕ್ಕಿ ಜೀವಹಾನಿಯಾಗುತ್ತಿತ್ತು ಎಂಬುದು ಕಾರಣ. ಅಂದಿನಿಂದ ಬೈಕಿನವರಿಗೆ ಉಳಿದದ್ದು ಪಕ್ಕದ ಸರ್ವೀಸ್ ರಸ್ತೆ, ಮದ್ದೂರು ಮಂಡ್ಯ ಪೇಟೆಗಳೊಳಗಿನ ಹಳೆಯ ದಾರಿ, ಇಲ್ಲವೇ ಕನಕಪುರ, ಹಲಗೂರು, ಮಳವಳ್ಳಿಯ ರಸ್ತೆ. ಮದ್ದೂರಿನಲ್ಲಿ ಎಡಕ್ಕೆ ಹೊರಳಿದವರೂ ಹಲಗೂರಿನಿಂದ ಬಂದವರೂ ಮಳವಳ್ಳಿಯಲ್ಲಿ ಕೂಡಿ, ಗಗನಚುಕ್ಕಿ ನೋಡಿಕೊಂಡು, ಕೊಳ್ಳೇಗಾಲ ದಾಟಿ ಬೆಟ್ಟದ ಕಡೆಗೆ ಮುಖ ಮಾಡುತ್ತಾರೆ. ಒಂದು ರಸ್ತೆಯಲ್ಲಿ ಬೇಡವಾದವರು ಇನ್ನೊಂದಕ್ಕೆ ಬರುತ್ತಾರೆ. ನಾವೂ ಬೇಡವೆಂದರೆ ಅವರು ಮತ್ತೊಂದು ಬೆಟ್ಟಕ್ಕೆ ಹೋಗುತ್ತಾರೆ. ಆ ಬೆಟ್ಟದಲ್ಲೂ ಹಟ್ಟಿಗಳಿವೆ.

ಕಳೆದ ಫೆಬ್ರವರಿಯಲ್ಲಿ ನಾವು ಮೂವರು ಮೂರು ಬೈಕುಗಳಲ್ಲಿ ಈ ದಾರಿಯನ್ನು ಸುತ್ತಿ ಬಂದೆವು. ಒಬ್ಬರು ನಿವೃತ್ತ ಶಿಕ್ಷಕರು, ಅವರದು ಮೂವತ್ತು ವರ್ಷ ದಾಟಿದ ಯೆಜ್ಡಿ. ಮತ್ತೊಬ್ಬ ಕಾಲೇಜು ವಿದ್ಯಾರ್ಥಿ, ಬಳಗದ ಸದಸ್ಯ. ಮೂರನೆಯವರು ಈ ಸಾಲುಗಳನ್ನು ಬರೆಯುತ್ತಿರುವವರು. ನೂರು ಸಿಸಿಯ ಸಾಧಾರಣ ಗಾಡಿ. ಆ ಹುಡುಗ ಹೊಸ ಬೈಕಿಗೆ ಕಾರ್ಖಾನೆಯ ಸೈಲೆನ್ಸರ್ ಬಿಚ್ಚಿಸಿ ಪೇಟೆಯಲ್ಲಿ ಸಿಗುವ ಬೇರೊಂದನ್ನು ಹಾಕಿಸಿಕೊಂಡಿದ್ದ. ಅದರ ಸದ್ದು ಹೇಗಿತ್ತೆಂದರೆ, ಮುಂದೆ ಹೋಗುತ್ತಿದ್ದ ನಾವು ಅವನು ಹಿಂದೆ ಇದ್ದಾನೆಯೇ ಎಂದು ಒಮ್ಮೆಯೂ ತಿರುಗಿ ನೋಡಬೇಕಾಗಲಿಲ್ಲ.

ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಮದ್ದೂರು ತಾಲ್ಲೂಕಿನ ಈ ಊರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿ ವರ್ಷ ಗೂಡು ಕಟ್ಟಿ ಮರಿ ಮಾಡುತ್ತವೆ. ಕಾಡಿನಲ್ಲಲ್ಲ, ಮನೆಗಳ ನೆತ್ತಿಯ ಮೇಲೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಕಾಣುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕುತ್ತಾರೆ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಘೋಷಣೆಗೂ ಎಷ್ಟೋ ತಲೆಮಾರು ಮೊದಲೇ ಹಕ್ಕಿಗಳಿದ್ದವು, ಜನರೂ ಇದ್ದರು.

ನಮ್ಮ ವಿದ್ಯಾರ್ಥಿ ಊರೊಳಗೆ ಬರುತ್ತಿದ್ದಂತೆ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಕೈಯೆತ್ತಿ ನಿಲ್ಲಿಸಿದರು. "ಏನ್ ಮಗ, ಬಾಣ್ತಿ ಮನೆ ಮುಂದೆ ಇಂಗಾ ಗಾಡಿ ಓಡ್ಸದು?" ಅಷ್ಟೇ ಕೇಳಿದ್ದು. ಅವನು ಎಂಜಿನ್ ಆರಿಸಿ ಬೈಕನ್ನು ತಳ್ಳಿಕೊಂಡು ಬಂದ. ಹಿಂತಿರುಗುವಾಗಲೂ ಊರ ಹೊರಗಿನವರೆಗೆ ತಳ್ಳಿಕೊಂಡೇ ಹೋದ. ಬಳಗದ ಸಭೆಗಳಲ್ಲಿ ಮೂರು ವರ್ಷ ಅವನಿಗೆ ಶಬ್ದಮಾಲಿನ್ಯದ ಬಗ್ಗೆ ಉಪನ್ಯಾಸ ಕೊಟ್ಟವರು ನಾವು.

ಮದ್ದೂರಿನಲ್ಲಿ ವಡೆ ತಿಂದು ಮಳವಳ್ಳಿಯ ರಸ್ತೆ ಹಿಡಿದೆವು. ಮಳವಳ್ಳಿ ಇನ್ನೂ ಕೆಲವು ಕಿಲೋಮೀಟರು ಇರುವಾಗ ಅದೇ ಹುಡುಗನ ಬೈಕಿನ ಚೈನು ಕಡಿಯಿತು. ತುಂಡು ಹಿಂದಿನ ಚಕ್ರಕ್ಕೆ ಸಿಕ್ಕದೆ ರಸ್ತೆಗೆ ಬಿದ್ದದ್ದು ಪುಣ್ಯ. ಸಿಕ್ಕಿದ್ದರೆ ಚಕ್ರ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಮಳವಳ್ಳಿಯ ಒಂದು ಸಣ್ಣ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಚೈನನ್ನು ಕೈಯಲ್ಲಿ ಹಿಡಿದು ನೋಡಿ, ಇದು ಇವತ್ತು ಸವೆದದ್ದಲ್ಲ, ಬಹಳ ದಿನದಿಂದ ಸಡಿಲವಾಗಿ ಕೆಳಗಿನ ಕಬ್ಬಿಣಕ್ಕೆ ಬಡಿಯುತ್ತಿತ್ತು ಎಂದರು. ಬಡಿದ ಗುರುತನ್ನೂ ತೋರಿಸಿದರು. ಕೇಳಿಸಲಿಲ್ಲವೇ ಎಂದು ವಿಚಾರಿಸಿದರು. ಹುಡುಗ ತಲೆಯಾಡಿಸಿದ. ಮೆಕ್ಯಾನಿಕ್ ಆ ಸೈಲೆನ್ಸರಿನ ಕಡೆ ಒಮ್ಮೆ ನೋಡಿ ಬೇರೇನೂ ಹೇಳದೆ ಹೊಸ ಚೈನಿಗೆ ಕೈ ಹಾಕಿದರು.

ನಮ್ಮ ನಿಲುವು ಗಟ್ಟಿಯಾದದ್ದು ಆ ಗ್ಯಾರೇಜಿನ ಬೆಂಚಿನ ಮೇಲೆ. ದೂರದ ದಾರಿಗೆ ಹೊರಡುವವನಿಗೆ ಕಿವಿ ದೊಡ್ಡ ಉಪಕರಣ. ಚೈನು ಸಡಿಲವಾದರೆ ಸದ್ದು ಬರುತ್ತದೆ, ಬ್ರೇಕ್ ಶೂ ಸವೆದರೆ ಕಿರಗುಟ್ಟುತ್ತದೆ, ಚಕ್ರದ ಬೇರಿಂಗ್ ಹೋಗುವ ಮುನ್ನ ಗುರುಗುಟ್ಟುತ್ತದೆ, ಎಣ್ಣೆ ಕಡಿಮೆಯಾದ ಎಂಜಿನಿನ ದನಿಯೇ ಬದಲಾಗುತ್ತದೆ. ಸೈಲೆನ್ಸರಿನ ಒಳಗಿನ ತಡೆಗಳನ್ನು ಕಿತ್ತುಹಾಕಿದವನು ಕಾಡಿನ ನೆಮ್ಮದಿಯನ್ನು ಕೆಡಿಸುವುದಲ್ಲದೆ ತನ್ನ ಗಾಡಿ ತನಗೆ ಹೇಳುತ್ತಿರುವುದನ್ನೂ ಕೇಳಲಾರದವನಾಗುತ್ತಾನೆ. ನಮ್ಮ ದೂರೂ ಅವನ ಪ್ರಾಣದ ಸುರಕ್ಷತೆಯೂ ಒಂದೇ ನಟ್ಟು ಬೋಲ್ಟಿನಲ್ಲಿವೆ. ಹೀಗಿರುವಾಗ ಅವನನ್ನು ಗೇಟಿನಾಚೆ ನಿಲ್ಲಿಸುವುದಕ್ಕಿಂತ ಅವನ ಗಾಡಿಯನ್ನು ಸರಿಪಡಿಸಿಸುವುದು ಹೆಚ್ಚು ಫಲ ಕೊಡುವ ಕೆಲಸ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 175 ಸಿಸಿ ಮೀರಿದ ಬೈಕುಗಳಿಗೂ ತಯಾರಿಕೆಯ ಹಂತದ ಶಬ್ದಮಿತಿ 80 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಂತೆ, 2019ರ ತಿದ್ದುಪಡಿಯ ಬಳಿಕ, ಶಬ್ದ ಮತ್ತು ಹೊಗೆಯ ನಿಯಮ ಮೀರಿ ವಾಹನ ಓಡಿಸಿದವರಿಗೆ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ವಿಧಿಸಬಹುದು. ಮನವಿಯಲ್ಲಿ ಕೇಳಬೇಕಾದದ್ದು ಇದರ ಜಾರಿಯನ್ನು. ಬೆಟ್ಟದ ಬುಡದ ತಪಾಸಣಾ ಗೇಟಿನಲ್ಲಿ, ವಾರದ ಕೊನೆಯ ಎರಡು ದಿನ, ಎರಡು ಗಂಟೆ.

ಬಂಡೀಪುರದ ಉದಾಹರಣೆಯನ್ನು ಸಭೆಯಲ್ಲಿ ಕೆಲವರು ಎತ್ತಿದರು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ನಾವು ಅದನ್ನು ಅಂದೂ ಬೆಂಬಲಿಸಿದ್ದೆವು, ಇಂದೂ ಬೆಂಬಲಿಸುತ್ತೇವೆ. ಆದರೆ ಅದು ಪ್ರಾಣಿಗಳು ರಸ್ತೆ ದಾಟುವ ಹೊತ್ತನ್ನು ನೋಡಿ ಲಾರಿ, ಕಾರುಗಳಿಗೂ ಸೇರಿಸಿ ಮಾಡಿದ ನಿಯಮ. ನಮ್ಮ ಮನವಿ ಹೊತ್ತನ್ನು ನೋಡುವುದಿಲ್ಲ, ಬಡವನ ವಾಹನ ಯಾವುದೆಂದು ನೋಡುತ್ತದೆ. ಭಾನುವಾರ ಬೆಟ್ಟಕ್ಕೆ ಬರುವ ಕಾರುಗಳ ಸಾಲನ್ನು ಅದು ಮುಟ್ಟುವುದೇ ಇಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಈ ಉತ್ತರ ಪೂರ್ತಿಯಾಗದು. ನಮ್ಮದೇ ಊರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ರಾತ್ರಿ ಕೊಳ್ಳೇಗಾಲದಿಂದ ಮೇಲಕ್ಕೆ ಬಸ್ಸು ಸಿಗುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಗೆಳೆಯರೊಡನೆ ಬೈಕಿನಲ್ಲೇ ಮನೆಗೆ ಬರುತ್ತಾನೆ. ಕಳೆದ ವರ್ಷ ಕಬ್ಬು ಕಟಾವಿನ ಕಾಲದಲ್ಲಿ, ಮದ್ದೂರು ದಾಟಿದ ಮೇಲೆ, ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೋಗಿ ಗುದ್ದಿದ. ಟ್ರೇಲರಿಗೆ ಹಿಂದಿನ ದೀಪವೂ ಇರಲಿಲ್ಲ, ಬೆಳಕಿಗೆ ಮಿನುಗುವ ಪಟ್ಟಿಯೂ ಇರಲಿಲ್ಲ. ಚಕ್ರಕ್ಕೆ ಕೊಟ್ಟ ಕಲ್ಲೊಂದೇ ಗುರುತು. ಇವನ ಬೈಕಿನ ಮುಂದಿನ ದೀಪವೂ ಮಂಕಾಗಿತ್ತು. ಸಂಬಳ ಬಂದ ಮೇಲೆ ಬಲ್ಬ್ ಹಾಕಿಸೋಣವೆಂದು ಮುಂದೂಡಿದ್ದ. ಕಾಲು ಮುರಿದು ನಾಲ್ಕು ತಿಂಗಳು ಮಲಗಿದ. ಅಂದಿನ ಸಭೆಗೆ ಊರುಗೋಲಿನೊಂದಿಗೆ ಬಂದು ಕೊನೆಯಲ್ಲಿ ಕುಳಿತಿದ್ದವನು ಅವನೇ. ಮನವಿ ಓದಿದ ಮೇಲೆ ಎದ್ದು ಕೇಳಿದ: "ಅಣ್ಣಾ, ನಿಮ್ ಮನವೀಲಿರೋ ಟೂರಿಸ್ಟು ನಾನೇ ಅಲ್ವಾ? ನನ್ ಗಾಡಿ ನಂಬರು ಬೆಂಗಳೂರಿಂದು."

ಸಭೆಯಲ್ಲಿ ಯಾರೂ ಉತ್ತರಿಸಲಿಲ್ಲ. ಗೇಟಿನಲ್ಲಿ ನಿಲ್ಲುವ ಕಾವಲುಗಾರನಿಗೆ ಮನೆಗೆ ಬರುವ ಮಗನನ್ನೂ ವಿಹಾರಕ್ಕೆ ಬರುವ ಅಪರಿಚಿತನನ್ನೂ ನಂಬರ್ ಪ್ಲೇಟಿನಿಂದ ಬೇರ್ಪಡಿಸಲು ಸಾಧ್ಯವಿಲ್ಲ. ಮಾತನಾಡಿಸಿ ಬೇರ್ಪಡಿಸಲಿ ಎಂದರೆ, ಆ ಅಧಿಕಾರ ಕೈಗೆ ಬಂದ ಮೇಲೆ ಏನಾಗುತ್ತದೆಂಬುದು ಕಟ್ಟಿಗೆ ತರುವ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತಿದೆ.

ಬೈಕುಗಳನ್ನು ದೂರುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಬಯಲಿನ ರೈತರು ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹಾಸಿ ಒಕ್ಕುತ್ತಾರೆ. ಆ ಹೊಟ್ಟಿನ ಮೇಲೆ ಜಾರಿದ ಬೈಕುಗಳಿಗೆ ಲೆಕ್ಕವಿಲ್ಲ. ಬೆಟ್ಟದಲ್ಲಿ ನಮ್ಮ ಹುಡುಗರು ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ, ಬರಿಯ ಬ್ರೇಕಿನ ಮೇಲೆ ಘಾಟಿ ಇಳಿಯುತ್ತಾರೆ. ಡ್ರಮ್ ಕಾದು ಬ್ರೇಕು ಹಿಡಿಯದೆ ಹೋಗುವುದು ಎರಡೋ ಮೂರೋ ತಿರುವು ಕಳೆದ ಮೇಲೆ, ಆಗ ಹೇಳಿ ಪ್ರಯೋಜನವಿಲ್ಲ. ಏರುವಾಗ ಯಾವ ಗೇರಿನಲ್ಲಿ ಏರಿದಿರೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಿಂದಿನ ಲಾರಿ ಚಾಲಕರು ಹೇಳುತ್ತಿದ್ದ ಮಾತು ಬೈಕಿಗೂ ಸಲ್ಲುತ್ತದೆ. ಇನ್ನು ಊರಿನಲ್ಲೇ ಎಂಜಿನ್ ಆಯಿಲ್ ಬದಲಿಸಿ ಕರಿ ಎಣ್ಣೆಯನ್ನು ಹಳ್ಳದ ಬದಿಗೆ ಸುರಿಯುವವರು ಯಾವ ಪ್ರವಾಸಿಗಳೂ ಅಲ್ಲ. ನೂರು ಸಿಸಿ ಬೈಕೊಂದರಿಂದ ಹೆಚ್ಚುಕಡಿಮೆ ಒಂದು ಲೀಟರ್ ಬರುತ್ತದೆ, ಊರಿನ ಎಲ್ಲ ಬೈಕುಗಳದ್ದನ್ನು ಕೂಡಿಸಿ ನೋಡಿ. ಆ ಮಳವಳ್ಳಿಯ ಮೆಕ್ಯಾನಿಕ್ ಅದನ್ನು ಕ್ಯಾನಿನಲ್ಲಿ ತುಂಬಿಟ್ಟು ಕೊಳ್ಳುವವರು ಬಂದಾಗ ಕೊಡುತ್ತಾರೆ. ನಿಯಮದಂತೆ ಹಳೆಯ ಎಣ್ಣೆ ಅಪಾಯಕಾರಿ ತ್ಯಾಜ್ಯ, ಪರವಾನಗಿಯುಳ್ಳ ಶುದ್ಧೀಕರಣ ಘಟಕಕ್ಕೇ ಅದು ಹೋಗಬೇಕು.

ಶಿಕ್ಷಕರ ಯೆಜ್ಡಿಯ ಮಾತು ಉಳಿಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಈ ಸೀಮೆಯ ಮೇಷ್ಟ್ರು, ಪಶುವೈದ್ಯರು, ಹಾಲಿನವರನ್ನು ಹೊತ್ತು ತಿರುಗಿದವು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಿಸಿ ಗೇರಾಗಿ ಬಳಸುವ ಗಾಡಿ ಅದು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಸುಡುವ ಅದರ ನೀಲಿ ಹೊಗೆಯನ್ನು ಪರಿಸರದ ಪತ್ರಿಕೆ ಹೊಗಳಲಾರದು, ಹೊಗಳುವುದೂ ಇಲ್ಲ. ಆದರೆ ಅದರ ಪೆಟ್ಟಿಗೆಯಲ್ಲಿ ಪ್ಲಗ್ ಪಾನಾ, ಒಂದು ಹೆಚ್ಚಿನ ಪ್ಲಗ್, ಕ್ಲಚ್ ಕೇಬಲ್, ಪಂಕ್ಚರ್ ತೇಪೆ, ಚೈನ್ ಲಾಕ್ ಎಲ್ಲ ಇದ್ದವು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ. ಮೂರು ಗಾಡಿಗಳಲ್ಲಿ ಹಾಗೆ ಸಿದ್ಧವಾಗಿ ಬಂದದ್ದು ಅದೊಂದೇ. ಅವರು ಗುಂಪಿನಲ್ಲಿ ನಿಧಾನದ ಗಾಡಿಯನ್ನು ಮುಂದಕ್ಕೆ ಬಿಟ್ಟು ತಾವು ಕೊನೆಯಲ್ಲಿ ಬರುತ್ತಿದ್ದರು. ಪ್ರತಿ ಕವಲಿನಲ್ಲೂ ನಿಂತು ಎಣಿಸಿದ ಮೇಲೆಯೇ ಹೊರಡುತ್ತಿದ್ದದ್ದು. ಮಾರನೆಯ ದಿನ ಹೊರಡುವ ಮುನ್ನ ವಿದ್ಯಾರ್ಥಿಯ ಬೈಕಿನ ಮೇಲೆ ಸಾಮಾನು ಹೇರಿಸಿ, ಅವನನ್ನೂ ಕೂರಿಸಿ, ಚೈನನ್ನು ಬೆರಳಿನಿಂದ ಎತ್ತಿ ನೋಡಿದರು. ಖಾಲಿ ಗಾಡಿಯಲ್ಲಿ ಸರಿಯಿದ್ದ ಸಡಿಲ ಭಾರ ಬಿದ್ದಾಗ ಬದಲಾಗುತ್ತದೆ. ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್ ಆಡಿದರೆ ಸರಿ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ.

ಆ ವಿದ್ಯಾರ್ಥಿ ಹಳೆಯ ಸೈಲೆನ್ಸರನ್ನು ಮತ್ತೆ ಹಾಕಿಸಿಕೊಂಡಿದ್ದಾನೆ. ಬಿಚ್ಚಿದ್ದನ್ನು ಮನೆಯ ಅಟ್ಟದಲ್ಲಿಟ್ಟಿದ್ದಾನೆಂದೂ ಮಾರಿಲ್ಲವೆಂದೂ ಕೇಳಿದ್ದೇವೆ. ಅವನ ಮೇಲೆ ಕಣ್ಣಿಟ್ಟಿದ್ದೇವೆ.

ಬರುವ ಸಭೆಯಲ್ಲಿ ಮನವಿಯನ್ನು ತಿದ್ದಿ ಮತ್ತೆ ಮಂಡಿಸುತ್ತೇವೆ. ಅದರಲ್ಲಿ ಗೇಟಿನ ಶಬ್ದ ತಪಾಸಣೆಯನ್ನೂ, ಕಬ್ಬಿನ ಟ್ರೇಲರುಗಳಿಗೆ ಮಿನುಗುವ ಪಟ್ಟಿ ಹಚ್ಚಿಸುವಂತೆ ಮಂಡ್ಯ ಜಿಲ್ಲಾಡಳಿತಕ್ಕೆ ಕೋರಿಕೆಯನ್ನೂ, ಕೊಳ್ಳೇಗಾಲದಿಂದ ಮೇಲಕ್ಕೆ ಶನಿವಾರ ರಾತ್ರಿಯ ಒಂದು ಬಸ್ಸಿನ ಬೇಡಿಕೆಯನ್ನೂ ಸೇರಿಸಬೇಕೆಂಬುದು ನಮ್ಮ ಸಲಹೆ. ಒಪ್ಪದವರು ಬಂದು ವಾದಿಸಿ. ಅಂದು ಬೆಳಿಗ್ಗೆ ಮಳವಳ್ಳಿಯ ಮೆಕ್ಯಾನಿಕ್ ಬಂದು ಚೈನು ಶುಚಿ ಮಾಡುವುದನ್ನೂ ಬ್ರೇಕ್ ಶೂ ನೋಡುವುದನ್ನೂ ಕಲಿಸಲು ಒಪ್ಪಿದ್ದಾರೆ. ವಿದ್ಯಾರ್ಥಿಗಳು ತಮ್ಮ ಬೈಕಿನೊಡನೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ, ಡೀಸೆಲ್ ನೆಲಕ್ಕೆ ಬೀಳದಂತೆ ಹಿಡಿಯಲು ಅಗಲವಾದ ಒಂದು ತಟ್ಟೆಯನ್ನೂ ತರಬೇಕು.