ಸೂತಕವಿಲ್ಲದವರ ಶಿಬಿರ

ಆಗಸ್ಟ್ 19 ವಿಶ್ವ ಮಾನವೀಯ ದಿನ. 2003ರಲ್ಲಿ ಅದೇ ದಿನ ಬಾಗ್ದಾದಿನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದು, ಸೆರ್ಜಿಯೋ ವಿಯೇರಾ ಡಿ ಮೆಲ್ಲೊ ಅವರೂ ಸೇರಿದಂತೆ 22 ಮಂದಿ ಅಸುನೀಗಿದರು. ಐದು ವರ್ಷಗಳ ಬಳಿಕ ವಿಶ್ವಸಂಸ್ಥೆಯ ಮಹಾಸಭೆ ಆ ದಿನವನ್ನು ನೆರವಿನ ಕಾರ್ಯಕರ್ತರ ನೆನಪಿಗೆ ಮೀಸಲಿಟ್ಟಿತು. ಸತ್ತವರನ್ನು ನೆನೆಯುವ ಕ್ರಮ ನಮಗೆ ಗೊತ್ತಿದೆ. ನೆರೆ, ಭೂಕಂಪ, ಗುಡ್ಡಕುಸಿತಗಳ ನಡುವೆ ದುಡಿದು ಬದುಕಿ ಮರಳಿದವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಸದ್ಯಕ್ಕೆ ಅವರಿಗೆ ದೊರೆಯುತ್ತಿರುವುದು ವರ್ಷಕ್ಕೊಮ್ಮೆ ಎರಡು ದಿನಗಳ ‘ಟೀಮ್ ಬಿಲ್ಡಿಂಗ್ ರಿಟ್ರೀಟ್’.

ಮುಂಬಯಿ, ಪುಣೆಗಳ ಪರಿಹಾರ ಸಂಸ್ಥೆಗಳಿಗೆ ಇಂಥ ಶಿಬಿರಗಳನ್ನು ನಡೆಸಿಕೊಡುವ ಕೆಲಸದಲ್ಲಿ ಕೆಲವು ವರ್ಷಗಳಿಂದ ತೊಡಗಿಕೊಂಡಿದ್ದೇನೆ. ಸುಗಮಕಾರ ಎಂದು ನಮ್ಮನ್ನು ಕರೆಯುತ್ತಾರೆ. ಕಾರ್ಯಕ್ರಮದ ಪಟ್ಟಿ ಬಹುತೇಕ ಒಂದೇ ಬಗೆಯದು: ಬೆಳಿಗ್ಗೆ ಪರಿಚಯದ ಆಟ, ಅನಂತರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಜೊತೆಗಾರನ ಕೈಹಿಡಿದು ನಡೆಯುವುದು, ಮಧ್ಯಾಹ್ನ ದೊಡ್ಡ ಹಾಳೆಯ ಮೇಲೆ ‘ನಮ್ಮ ಕನಸಿನ ತಂಡ’ದ ಚಿತ್ರ, ಸಂಜೆ ಹಾಡು ಕುಣಿತ, ಮರುದಿನ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಗುಂಪು ಫೋಟೊ. ಈ ಮಾದರಿಯನ್ನು ನೆರವಿನ ಕಾರ್ಯಕರ್ತರ ಮೇಲೆ ಹಾಗೆಯೇ ಹೊರಿಸುವುದು ಸರಿಯಲ್ಲವೆಂಬುದು ನನ್ನ ವಾದ.

ಆಟಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಅವುಗಳ ಹಿಂದೆ ಗಂಭೀರವಾದ ಇತಿಹಾಸವಿದೆ. 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಕರ್ಟ್ ಹಾನ್ ಮತ್ತು ಸಂಗಡಿಗರು ಆರಂಭಿಸಿದ ‘ಔಟ್‌ವರ್ಡ್ ಬೌಂಡ್’ ಶಾಲೆಯ ಉದ್ದೇಶ, ಯುದ್ಧಕಾಲದಲ್ಲಿ ಹಡಗು ಮುಳುಗಿದಾಗ ಎಳೆಯ ನಾವಿಕರು ಎದೆಗುಂದದೆ ಬದುಕಿ ಉಳಿಯುವಂತೆ ತಯಾರು ಮಾಡುವುದಾಗಿತ್ತು. 1946ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕರ್ಟ್ ಲೆವಿನ್ ನಡೆಸಿದ ಕಾರ್ಯಾಗಾರ, ಸಮುದಾಯಗಳ ನಡುವಣ ಪೂರ್ವಗ್ರಹವನ್ನು ಎದುರಿಸುವವರಿಗಾಗಿ ಏರ್ಪಟ್ಟದ್ದು. ಅಪರಿಚಿತರು ಹೇಗೆ ಒಂದು ತಂಡವಾಗುತ್ತಾರೆ ಎಂಬ ಘಟ್ಟಗಳನ್ನು ಬ್ರೂಸ್ ಟಕ್‌ಮನ್ ವಿವರಿಸಿದ್ದು 1965ರಲ್ಲಿ. ಈ ಎಲ್ಲದರ ಹಿಂದೆ ಒಂದು ಸಮಾನ ಗ್ರಹಿಕೆಯಿದೆ: ಎದುರಿಗಿರುವವರು ಇನ್ನೂ ಪರಸ್ಪರ ನಂಬಿಲ್ಲ, ಇನ್ನೂ ಅಪಾಯವನ್ನು ಕಂಡಿಲ್ಲ. ನೆರೆಯ ನೀರಿನಲ್ಲಿ ಒಂದೇ ಹಗ್ಗ ಹಿಡಿದು ನಿಂತವರಿಗೆ ಆ ಗ್ರಹಿಕೆ ಹೊಂದುವುದಿಲ್ಲ. ಅವರಲ್ಲಿ ನಂಬಿಕೆಯ ಕೊರತೆಯಿಲ್ಲ. ಅವರಿಗೆ ದಣಿವಾಗಿದೆ, ದುಃಖವಾಗಿದೆ. ಅನೇಕ ಸಲ ತಮ್ಮ ಸಂಸ್ಥೆಯ ಮೇಲೆಯೇ ಸಿಟ್ಟು ಬಂದಿದೆ.

ಸ್ಥಳದ ಆಯ್ಕೆಯನ್ನೇ ನೋಡಿ. ಮುಂಬಯಿಯ ಸಂಸ್ಥೆಗಳು ಸಾಮಾನ್ಯವಾಗಿ ಕರ್ಜತ್, ಖೋಪೋಲಿ, ಲೋಣಾವಳಾಗಳ ಕಡೆಗೆ ಹೋಗುತ್ತವೆ. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿರುತ್ತದೆ, ಕೋಣೆಯ ಕಿಟಕಿಯಿಂದ ಜಲಪಾತ ಕಾಣುತ್ತದೆ. ಆದರೆ ಖೋಪೋಲಿ ಇರುವ ಖಾಲಾಪುರ ತಾಲೂಕಿನಲ್ಲಿಯೇ ಇರ್ಶಾಳ್‌ವಾಡಿಯೂ ಇದೆ. 2023ರ ಜುಲೈ 19ರ ರಾತ್ರಿ ಗುಡ್ಡ ಕುಸಿದು ಆ ಆದಿವಾಸಿ ಹಾಡಿ ಮಣ್ಣಿನಡಿ ಸೇರಿತು. ಮೇಲಕ್ಕೆ ವಾಹನದ ದಾರಿಯಿರಲಿಲ್ಲ. ಮಳೆಯಲ್ಲಿ ನಡೆದೇ ಹತ್ತಿ, ಕೈಯಿಂದಲೇ ಮಣ್ಣು ತೆಗೆಯಬೇಕಾಯಿತು. ಹತ್ತುವಾಗಲೇ ನವಿ ಮುಂಬಯಿಯ ಅಗ್ನಿಶಾಮಕ ದಳದ ಒಬ್ಬರು ಹೃದಯಾಘಾತದಿಂದ ತೀರಿಕೊಂಡರು. ಶೋಧ ನಿಲ್ಲಿಸಿದಾಗ ದೊರೆತಿದ್ದ ಶವಗಳು 27. ದೊರೆಯದೆ ಉಳಿದವರು 57 ಮಂದಿ. ಪುಣೆ ಜಿಲ್ಲೆಯ ಮಾಳೀಣ್ 2014ರಲ್ಲಿ, ಮಹಾಡ್ ಬಳಿಯ ತಳಿಯೆ 2021ರಲ್ಲಿ ಇದೇ ಬಗೆಯಲ್ಲಿ ಕುಸಿದಿದ್ದವು. ಮೂರೂ ಜುಲೈ ತಿಂಗಳಿನ ದುರಂತಗಳು. ಅಂಥ ಮಣ್ಣಿನಲ್ಲಿ ಹುಡುಕಿ ಬಂದವರನ್ನು ಜುಲೈ ತಿಂಗಳಿನಲ್ಲಿಯೇ ಸಹ್ಯಾದ್ರಿಯ ಬುಡಕ್ಕೆ ಕರೆದೊಯ್ದು, ಮಳೆಯ ಸದ್ದಿನ ನಡುವೆ ‘ಈಗ ಎಲ್ಲರೂ ಕಣ್ಣು ಮುಚ್ಚಿ, ನಿಸರ್ಗವನ್ನು ಆಲಿಸಿ’ ಎನ್ನುವುದು ಎಂಥ ಅವಿವೇಕ! ದುರುದ್ದೇಶದಿಂದ ಯಾರೂ ಹೀಗೆ ಮಾಡುವುದಿಲ್ಲ. ಬಂದವರು ಎಲ್ಲಿಂದ ಬಂದರು ಎಂದು ಯಾರೂ ಕೇಳಿರುವುದಿಲ್ಲ, ಅಷ್ಟೇ.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ಹೊರಗೇ ಸ್ನಾನ ಮಾಡಿ ಒಳಬರುತ್ತಿದ್ದರು. ಮನೆಯವರು ಹತ್ತು ಹನ್ನೊಂದು ದಿನ ಸೂತಕದಲ್ಲಿರುತ್ತಿದ್ದರು. ಅದರಲ್ಲಿ ಬೆರೆತಿರುವ ಮಡಿ ಮೈಲಿಗೆಯ ಭಾಗವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅದರೊಳಗಿನ ಒಂದು ತಿಳಿವಳಿಕೆ ಉಳಿಸಿಕೊಳ್ಳತಕ್ಕದ್ದು: ಸಾವನ್ನು ಹತ್ತಿರದಿಂದ ಕಂಡವನು ಮರುದಿನವೇ ಎಲ್ಲರಂತೆ ಕೆಲಸಕ್ಕೆ ಹಾಜರಾಗಬೇಕೆಂದು ಆ ಸಮಾಜ ನಿರೀಕ್ಷಿಸುತ್ತಿರಲಿಲ್ಲ. ಅವನಿಗೊಂದು ಅವಧಿಯಿತ್ತು. ಆ ಅವಧಿಗೆ ಹೆಸರಿತ್ತು, ಮುಗಿಯುವ ದಿನವಿತ್ತು, ಊಟ ತಂದುಕೊಡುವ ನೆಂಟರಿದ್ದರು. ನೆರವಿನ ಕಾರ್ಯಕರ್ತನಿಗೆ ಸೂತಕವಿಲ್ಲ. ಸತ್ತವರು ಅವನ ಬಂಧುಗಳಲ್ಲ ಎಂಬ ಕಾರಣಕ್ಕೆ, ಒಂದು ಊರಿನ ಹೆಣಗಳ ಲೆಕ್ಕ ಬರೆದವನು ಮುಂದಿನ ವಾರ ಮತ್ತೊಂದು ಊರಿನ ಪಡಿತರದ ಪಟ್ಟಿ ಬರೆಯುತ್ತಿರುತ್ತಾನೆ. ಶಿಬಿರಕ್ಕೆ ಅರ್ಥವಿರುವುದಾದರೆ ಅದು ಈ ಕಳೆದುಹೋದ ಅವಧಿಯನ್ನು ಸ್ವಲ್ಪವಾದರೂ ಹಿಂದಿರುಗಿಸಬೇಕು.

ಹಾಗೆಂದು ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ, ‘ನೀವು ಕಂಡ ಅತಿ ಭಯಂಕರ ದೃಶ್ಯವನ್ನು ಹೇಳಿ’ ಎಂದು ಬಾಯಿ ಬಿಡಿಸುವುದು ಇನ್ನೂ ದೊಡ್ಡ ತಪ್ಪು. ಇಂಥ ಸಾಮೂಹಿಕ ನಿರೂಪಣೆಯ ವಿಧಾನವನ್ನು 1983ರಲ್ಲಿ ಜೆಫ್ರಿ ಮಿಚೆಲ್ ರೂಪಿಸಿದಾಗ ತುರ್ತು ಸೇವೆಗಳ ವಲಯದಲ್ಲಿ ಅದು ಬಹಳ ಜನಪ್ರಿಯವಾಯಿತು. ಆದರೆ ಒಂದೇ ಬೈಠಕ್ಕಿನಲ್ಲಿ ಹೀಗೆ ಹೇಳಿಸುವುದರಿಂದ ಆಘಾತದ ಪರಿಣಾಮ ತಗ್ಗುತ್ತದೆ ಎನ್ನಲು ಆಧಾರವಿಲ್ಲವೆಂದು 2002ರ ಕೊಕ್ರೇನ್ ಸಮೀಕ್ಷೆ ತೋರಿಸಿತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ನೆರವಿನ ಸಂಸ್ಥೆಗಳೂ ಕೂಡಿ 2007ರಲ್ಲಿ ಹೊರತಂದ ಮಾರ್ಗಸೂಚಿ ಈ ಪದ್ಧತಿಯ ವಿರುದ್ಧ ಎಚ್ಚರಿಸುತ್ತದೆ. ಸಿಬ್ಬಂದಿ ಮತ್ತು ಸ್ವಯಂಸೇವಕರ ಮನಸ್ಸಿನ ಆರೋಗ್ಯಕ್ಕೆಂದೇ ಅದರಲ್ಲಿ ಒಂದು ಪ್ರತ್ಯೇಕ ಅಧ್ಯಾಯವಿದೆ. ಮಾತನಾಡುವ ಅವಕಾಶ ಇರಬೇಕು. ಸುಮ್ಮನಿರುವ ಹಕ್ಕೂ ಇರಬೇಕು. ಹೇಳಬೇಕೆನಿಸಿದವನಿಗೆ ಕೇಳುವ ಒಂದು ಕಿವಿ ಸಾಕು. 1999ರ ಒಡಿಶಾದ ಚಂಡಮಾರುತ, 2001ರ ಗುಜರಾತ್ ಭೂಕಂಪಗಳ ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸ್ಥಳೀಯ ಸಮುದಾಯ ಕಾರ್ಯಕರ್ತರಿಗೇ ಮಾನಸಿಕ ನೆರವಿನ ತರಬೇತಿ ನೀಡಿತು. ಕೇಳಿಸಿಕೊಳ್ಳುವುದು ತಜ್ಞರಿಗಷ್ಟೇ ದಕ್ಕುವ ವಿದ್ಯೆಯಲ್ಲ ಎಂಬುದು ಅದರಿಂದ ನಮಗೆ ದೊರೆತ ಪಾಠ.

ಇನ್ನು ಭಾಷೆಯ ಮಾತು. ಹೊರನಾಡಿನಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗುವಂಥದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳು ಒಟ್ಟಿಗೆ ಮುಳುಗಿದವು. ನೀರು ರಾಜ್ಯದ ಗಡಿಯನ್ನು ಕೇಳಲಿಲ್ಲ. ಅಲ್ಲಿ ದುಡಿದ ಕಾರ್ಯಕರ್ತರೂ ಕನ್ನಡ, ಮರಾಠಿಗಳೆರಡನ್ನೂ ಆಡುವವರು. ಅವರಿಗಾಗಿ ನಡೆಯುವ ಶಿಬಿರ ಮಾತ್ರ ಇಂಗ್ಲಿಷಿನಲ್ಲಿ. ಇಂಥ ಒಂದು ಗೋಷ್ಠಿಯಲ್ಲಿ ಜತ್ ಕಡೆಯ ಒಬ್ಬ ಹೆಣ್ಣುಮಗಳು, ಹೇಗಿದ್ದೀರೆಂದು ಕೇಳಿದಾಗ ‘ಸಾಕಾಗ್ಯದರಿ’ ಎಂದಳು. ಸಂಸ್ಥೆಯವರು ಬರೆದುಕೊಂಡ ಇಂಗ್ಲಿಷ್ ವರದಿಯಲ್ಲಿ ಅದು ‘ಸಿಬ್ಬಂದಿಗೆ ಪ್ರೇರಣೆಯ ಅಗತ್ಯವಿದೆ’ ಎಂದಾಯಿತು. ‘ಸಾಕಾಗಿದೆ’ ಎಂಬ ಒಂದೇ ಮಾತಿನಲ್ಲಿ ದಣಿವೂ ಇದೆ, ಇನ್ನು ಮುಂದೆ ಸಹಿಸಲಾರೆ ಎಂಬ ಎಚ್ಚರಿಕೆಯೂ ಇದೆ. ಆಕೆ ದೂರಿದ್ದು ತನ್ನ ಮೇಲಿನ ಹೊರೆಯನ್ನು. ವರದಿ ಕಂಡುಕೊಂಡದ್ದು ಆಕೆಯ ಮನಸ್ಸಿನ ಕೊರತೆಯನ್ನು.

ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ಸಂಸ್ಥೆಯ ವ್ಯವಸ್ಥೆಯಲ್ಲಿ ಮುರಿದದ್ದನ್ನು ಕಾರ್ಯಕರ್ತನ ಮನಸ್ಸಿನಲ್ಲಿ ದುರಸ್ತಿ ಮಾಡಲು ಶಿಬಿರ ಹೊರಡುತ್ತದೆ. ಯೋಜನೆಯ ಹಣ ಇರುವಷ್ಟು ತಿಂಗಳು ಮಾತ್ರ ಕರಾರು. ಗೌರವಧನದ ಮೇಲೆ ದುಡಿಯುವ ಸ್ವಯಂಸೇವಕನಿಗೆ ವಿಮೆಯಿಲ್ಲ. ನೆರೆಯ ದಿನಗಳಲ್ಲಿ ಬಿಟ್ಟ ವಾರದ ರಜೆ ಮರಳಿ ಸಿಗುವುದಿಲ್ಲ. ಶಿಬಿರಕ್ಕೆ ಬರುವವರು ಯಾರು? ಕಚೇರಿಯವರು. ರಾತ್ರಿಯಿಡೀ ಟ್ರಕ್ ಓಡಿಸಿದ ಚಾಲಕ, ಗೋದಾಮಿನಲ್ಲಿ ಮೂಟೆ ಎಣಿಸಿದವನು, ಊರಿನ ಸ್ವಯಂಸೇವಕಿ ಪಟ್ಟಿಯಲ್ಲಿರುವುದಿಲ್ಲ. ಇವರನ್ನು ಹೊರಗಿಟ್ಟು ಕಟ್ಟುವ ‘ತಂಡ’ ಯಾವುದು? ಈ ಪ್ರಶ್ನೆಗಳನ್ನು ಆಟಗಳಿಂದ ಮುಚ್ಚಿಹಾಕಲು ಸುಗಮಕಾರ ಒಪ್ಪಬಾರದು. ಆತನಿಗೆ ಸಂಭಾವನೆ ಕೊಡುವುದು ಸಂಸ್ಥೆ ನಿಜ. ಆದರೆ ಆತನ ಮುಂದೆ ಮನಸ್ಸು ತೆರೆಯುವವರು ಕಾರ್ಯಕರ್ತರು. ಎರಡನೆಯ ಋಣವೇ ಹಿರಿದು.

ಪರಿಹಾರಕ್ಕೆಂದು ಬಂದ ಹಣದಲ್ಲಿ ಶಿಬಿರವೇ ಏಕೆ ಎಂದು ಕೆಲವು ದಾನಿಗಳು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ದಣಿದವನು ಹಂಚಿದ ನೆರವಿನಲ್ಲಿ ತಪ್ಪು ಹೆಚ್ಚು, ತಾಳ್ಮೆ ಕಡಿಮೆ. ಅದರ ಬೆಲೆ ತೆರುವವರು ಸಾಲಿನಲ್ಲಿ ನಿಂತ ಸಂತ್ರಸ್ತರು. 2014ರ ‘ಕೋರ್ ಹ್ಯೂಮನಿಟೇರಿಯನ್ ಸ್ಟ್ಯಾಂಡರ್ಡ್’ ಎಂಬ ಅಂತರರಾಷ್ಟ್ರೀಯ ಮಾನದಂಡವೂ ಸಿಬ್ಬಂದಿಯನ್ನು ನ್ಯಾಯವಾಗಿ ನಡೆಸಿಕೊಳ್ಳುವುದನ್ನು ಸಂಸ್ಥೆಯ ಬದ್ಧತೆಗಳಲ್ಲಿ ಒಂದೆಂದು ಹೇಳಿದೆ. ಖರ್ಚು ಸಮರ್ಥನೀಯ, ಸಮರ್ಥಿಸಲಾಗದ್ದು ಅದರ ಬಳಕೆಯ ರೀತಿ.

ಹಾಗಾದರೆ ಏನು ಮಾಡಬೇಕು? ಶಿಬಿರಕ್ಕೆ ಮುನ್ನ ಸುಗಮಕಾರ ಪ್ರತಿಯೊಬ್ಬರೊಡನೆ, ಫೋನಿನಲ್ಲಾದರೂ ಸರಿ, ಅವರವರ ಭಾಷೆಯಲ್ಲಿ ಅರ್ಧ ಗಂಟೆ ಮಾತನಾಡಲಿ. ಚಾಲಕರು, ಸ್ವಯಂಸೇವಕರು ಪಟ್ಟಿಯಲ್ಲಿರಲಿ. ಮೊದಲ ದಿನದ ಅರ್ಧ ಭಾಗ ನಿದ್ರೆಗೆ, ಹರಟೆಗೆ ಬಿಟ್ಟುಬಿಡಲಿ. ಒಂದು ಬೈಠಕ್ಕು ಮೇಲಧಿಕಾರಿಗಳಿಲ್ಲದೆ ನಡೆಯಲಿ. ಅಲ್ಲಿ ಆಡಿದ ಮಾತು ಹೆಸರಿನೊಂದಿಗೆ ಹೊರಹೋಗದಿರಲಿ. ಆ ವರ್ಷ ಕಂಡ ಸಾವುಗಳಿಗಾಗಿ, ಬೇಕೆನಿಸಿದವರು ಒಂದು ದೀಪ ಹಚ್ಚಿ ಮೌನವಾಗಿ ಕೂರಲು ಸಂಜೆಯಿರಲಿ. ಹೆಚ್ಚಿನ ನೆರವು ಬೇಕಾದವರಿಗೆ ಆಪ್ತಸಮಾಲೋಚಕರ ಸಂಪರ್ಕವಿರಲಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಕೊನೆಯ ದಿನ ನಿರ್ದೇಶಕರು ಎಲ್ಲರ ಎದುರು ಕುಳಿತು, ರಜೆ, ವಿಮೆ, ಕರಾರುಗಳಲ್ಲಿ ಯಾವುದನ್ನು ಯಾವ ದಿನಾಂಕದೊಳಗೆ ಸರಿಪಡಿಸುತ್ತೇವೆಂದು ಹೇಳಲಿ. ಆಗದಿದ್ದನ್ನು ಆಗದೆಂದೇ ಹೇಳಲಿ. ಕಾರ್ಯಕರ್ತರು ಸುಳ್ಳು ಭರವಸೆಗಿಂತ ಕಹಿ ಸತ್ಯವನ್ನು ಸುಲಭವಾಗಿ ಸಹಿಸುತ್ತಾರೆ.

ಇಷ್ಟಾದ ಮೇಲೆ ಆಟವಾಡೋಣ, ಹಾಡೋಣ. ಕೆಲಸದ ಊರುಗಳಲ್ಲಿ ನಗಲಾರದವರು ಇಲ್ಲಿ ಜೋರಾಗಿ ನಗಲಿ. ಆದರೆ ಕಾರ್ಯಕರ್ತನ ರಜೆಯ ಅರ್ಜಿ ಮೇಜಿನ ಮೇಲೆ ಧೂಳು ತಿನ್ನುತ್ತಿರುವಷ್ಟು ಕಾಲ, ಆ ನಗುವಿನ ಫೋಟೊವನ್ನು ವಾರ್ಷಿಕ ವರದಿಯ ಮುಖಪುಟಕ್ಕೆ ಹಾಕಿಕೊಳ್ಳುವ ಹಕ್ಕು ಯಾವ ಸಂಸ್ಥೆಗೂ ಇಲ್ಲ.