ಕೂಸಿನ ನೋಟವೂ ‘ಸ್ವಲೀನತೆ’ ಎಂಬ ಹೆಸರೂ

ಇಂಗ್ಲಿಷಿನಲ್ಲಿ ‘ಆಟಿಸಂ’ ಎನ್ನುವ ಸ್ಥಿತಿಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ರೂಢಿಗೆ ಬಂದಿದೆ. ಗ್ರೀಕ್ ಭಾಷೆಯ ‘ಆಟೋಸ್’ ಎಂದರೆ ತಾನು; ತನ್ನಲ್ಲಿಯೇ ಲೀನವಾಗಿರುವಿಕೆ ಎಂಬುದು ಕನ್ನಡ ಪದದ ಅರ್ಥ. ಶಬ್ದರಚನೆಯಲ್ಲಿ ದೋಷವಿಲ್ಲ. ಆದರೆ ಶರಣಪರಂಪರೆಯಲ್ಲಿ ಪಳಗಿದ ಕಿವಿಗೆ ‘ಲೀನ’ ಎಂಬುದು ಸಾಧನೆಯಿಂದ ಒದಗುವ ನೆಲೆ. ಅದನ್ನು ಮಾತು ಬಾರದ ಕೂಸಿನ ತೊಡಕಿಗೆ ಹಚ್ಚಿದಾಗ, ಮಗು ತಾನಾಗಿಯೇ ಒಳಸರಿದು ಕದವಿಕ್ಕಿಕೊಂಡಿದೆಯೆಂಬ ಭಾವನೆ ಮೂಡುತ್ತದೆ. ಈ ಭಾವನೆಯೇ ತಪ್ಪು. ಇದು ಪದದ ಚರ್ಚೆ ಮಾತ್ರವಲ್ಲ. ಇದರಿಂದ ಮನೆಗಳಲ್ಲಿ ವರ್ಷಗಳು ವ್ಯರ್ಥವಾಗುತ್ತಿವೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವಿವರಿಸಿದರು. ಆ ಬಳಿಕ ಬಹುಕಾಲ ತಾಯಂದಿರ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ದೊಡ್ಡ ದೊಡ್ಡವರೇ ಬರೆದರು. ಆ ನಿರಾಧಾರ ವಾದ ವೈದ್ಯಶಾಸ್ತ್ರದಿಂದ ತೊಲಗಿದೆ. ಅತ್ತೆಮನೆಗಳಿಂದ ಇನ್ನೂ ತೊಲಗಿಲ್ಲ.

ಹಸುಳೆಯ ಕಣ್ಣುಗಳ ಚಲನೆಯನ್ನೇ ಅಳೆಯುವ ವಿಧಾನ ಬಂದ ಮೇಲೆ ವಿಷಯ ಸ್ವಲ್ಪ ತಿಳಿಯಾಯಿತು. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಕಣ್ಣಿನ ಮೇಲೆ ಬಿದ್ದು ಪ್ರತಿಫಲಿಸುವುದನ್ನು ಕ್ಯಾಮರಾ ಹಿಡಿದು, ಪರದೆಯ ಯಾವ ಭಾಗದಲ್ಲಿ ನೋಟ ನಿಂತಿತೆಂಬುದನ್ನು ದಾಖಲಿಸುತ್ತದೆ. ಅಟ್ಲಾಂಟಾದ ವಾರೆನ್ ಜೋನ್ಸ್ ಮತ್ತು ಆಮಿ ಕ್ಲಿನ್ ಎಂಬ ವಿದ್ವಾಂಸರು, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ ಕಾರಣ ಹೆಚ್ಚು ಸಂಭವವುಳ್ಳ ಶಿಶುಗಳನ್ನು (ಇಂಥ ತಮ್ಮ ತಂಗಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಕಂಡುಬರುತ್ತದೆ) ಇತರ ಶಿಶುಗಳೊಡನೆ ಎರಡನೆಯ ತಿಂಗಳಿನಿಂದಲೇ ಪರೀಕ್ಷಿಸುತ್ತ ಬಂದು, 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತವನ್ನು ಪ್ರಕಟಿಸಿದರು. ಮುಂದೆ ಆಟಿಸಂ ಎಂದು ನಿರ್ಣಯವಾದ ಮಕ್ಕಳೂ ಎರಡನೆಯ ತಿಂಗಳಿನಲ್ಲಿ ತೆರೆಯ ಮೇಲೆ ಮಾತನಾಡುವ ಹೆಂಗಸಿನ ಕಣ್ಣುಗಳನ್ನು ಇತರರಂತೆಯೇ ನೋಡುತ್ತಿದ್ದರು. ಎರಡರಿಂದ ಆರನೆಯ ತಿಂಗಳೊಳಗೆ ಆ ನೋಟ ಇಳಿಯತೊಡಗಿತು. ಅಂದರೆ ಕಣ್ಣಿಗೆ ಕಣ್ಣು ಕೂಡಿಸುವ ಗುಣ ಹುಟ್ಟಿನಿಂದಲೇ ಇಲ್ಲದ್ದಲ್ಲ. ಇದ್ದು ಕ್ರಮೇಣ ಕ್ಷೀಣಿಸುವಂಥದು.

ಹಾಗಾದರೆ ಗಮನ ಎಲ್ಲಿಗೆ ಹೋಗುತ್ತದೆ? ಇದೇ ಕ್ಲಿನ್ ಮತ್ತು ಸಂಗಡಿಗರು 2009ರಲ್ಲಿ ಎರಡು ವರ್ಷದ ಮಕ್ಕಳಿಗೆ, ಬೆಳಕಿನ ಚುಕ್ಕಿಗಳಿಂದ ಮೂಡಿಸಿದ ಮನುಷ್ಯಾಕೃತಿಗಳ ಆಟವನ್ನು ತೋರಿಸಿದರು. ಇತರ ಮಕ್ಕಳನ್ನು ಮನುಷ್ಯಚಲನೆಯೇ ಸೆಳೆಯಿತು. ಆಟಿಸಂ ಉಳ್ಳ ಮಕ್ಕಳನ್ನು ಸೆಳೆದದ್ದು ಚಪ್ಪಾಳೆಯಂತೆ ಸದ್ದೂ ಚಲನೆಯೂ ಒಂದೇ ಕ್ಷಣದಲ್ಲಿ ಕೂಡುವ ಎಡೆ. ತಾಳ ಬಿದ್ದಲ್ಲಿ ಅವರ ಕಣ್ಣು. ಇದು ತನ್ನಲ್ಲಿ ಲೀನವಾದ ಮಗುವಿನ ಲಕ್ಷಣವೇ? ಅದು ಹೊರಗಿನ ಲೋಕವನ್ನೇ ನೋಡುತ್ತಿದೆ. ನಾವು ನೋಡುವ ಕಡೆಗಲ್ಲ, ಅಷ್ಟೇ.

ಉರಿಗಾಂ ಬಂಗಾರಪೇಟೆಗಳ ಸೀಮೆಯಲ್ಲಿ ಈ ವಿಷಯಕ್ಕೆ ಬೇರೆಯೇ ತೊಡಕುಗಳಿವೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ತರುವಾಯ ಮನೆಯ ದುಡಿಯುವ ಕೈಗಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತವೆ. ಇಂಥ ಮನೆಗಳಲ್ಲಿ ಕೂಸು ಬೆಳೆಯುವುದು ಅಜ್ಜಿಯ ಮಡಿಲಲ್ಲಿ. ಮಗು ಕರೆದರೆ ತಿರುಗದು, ಮಾತನಾಡದು ಎಂದರೆ ತಾಯಿ ದುಡಿಯಲು ಹೋದದ್ದೇ ಕಾರಣವೆಂದು ದೂರುತ್ತಾರೆ. ಇಲ್ಲವೇ ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವಾದ್ದರಿಂದ ಮಗು ಗೊಂದಲಗೊಂಡಿದೆ, ಒಂದು ಭಾಷೆಯನ್ನು ಬಿಡಿ ಎನ್ನುತ್ತಾರೆ. ಎರಡೂ ಸಲ್ಲದ ಮಾತು. ಹಲವು ಭಾಷೆಗಳಿಂದ ಆಟಿಸಂ ಬರುವುದಿಲ್ಲ. ಅಜ್ಜಿಗೆ ಬರುವ ಒಂದೇ ಭಾಷೆಯನ್ನು ಮನೆಯಿಂದ ಹೊರಹಾಕಿದರೆ ಆ ಕೂಸಿನೊಡನೆ ಮಾತನಾಡುವವರಾದರೂ ಯಾರು? ಕನ್ನಡದ ಅಭಿಮಾನಿಗಳೂ ಇದಕ್ಕೆ ಬೇಸರಪಡಬೇಕಾಗಿಲ್ಲ.

ಹಾಗೆಂದು ಮೂರು ತಿಂಗಳ ಕೂಸಿನ ಮುಖಕ್ಕೆ ಬಾಗಿ ನೋಟವನ್ನು ಅಳೆಯಲು ಹೊರಡುವುದೂ ತರವಲ್ಲ. ಆ ಇಳಿತ ಬರಿಗಣ್ಣಿಗೆ ಗೋಚರವಾಗುವಂಥದಲ್ಲ. ಯಂತ್ರಕ್ಕೂ ಮಿತಿಯಿದೆ: 16ರಿಂದ 30 ತಿಂಗಳ 475 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಜ್ಞರು ಆಟಿಸಂ ಎಂದು ನಿರ್ಣಯಿಸಿದ ಮಕ್ಕಳಲ್ಲಿ ನೂರಕ್ಕೆ 71ನ್ನು ಮಾತ್ರ ಅದು ಗುರುತಿಸಿತು. ಕಲ್ಲು ಮಿನುಗಿದ ಮಾತ್ರಕ್ಕೆ ಚಿನ್ನವಲ್ಲ, ಮಂಕಾಗಿದ್ದರೆ ಬರಿಗಲ್ಲೂ ಅಲ್ಲ ಎಂಬುದನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ.

ಬರಿಗಣ್ಣಿಗೆ ಕಾಣುವುದು ಒಂಬತ್ತು ತಿಂಗಳಿನಿಂದೀಚೆಗೆ. ಹೆಸರು ಹಿಡಿದು ಕರೆದರೆ ತಿರುಗುವುದೋ, ಅಜ್ಜಿ ತೋರಿಸಿದ ಕಡೆ ನೋಡುವುದೋ, ವರ್ಷ ತುಂಬಿದ ಮೇಲೆ ತಾನೂ ಬೆರಳು ಮಾಡಿ ತೋರಿಸುವುದೋ ಎಂಬುದನ್ನು ಗಮನಿಸಬೇಕು. ದಡಾರದ ಲಸಿಕೆಗೆಂದು ಒಂಬತ್ತನೆಯ ತಿಂಗಳಿನಲ್ಲಿ ಕೂಸನ್ನು ಒಯ್ದೇ ಒಯ್ಯುತ್ತಾರೆ; ಅಂದು ಅಜ್ಜಿಯನ್ನು ಈ ಮಾತು ಕೇಳಲು ಐದು ನಿಮಿಷ ಸಾಕು. 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸುವ ಏರ್ಪಾಡಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆರಡೂ ರೈಲುದಾರಿಯ ಅಳವಿನಲ್ಲಿವೆ. ಮೊದಲು ಮಗುವಿನ ಕಿವಿ ಕೇಳುತ್ತದೆಯೇ ಎಂಬ ಪರೀಕ್ಷೆಯಾಗಬೇಕು. ಕಿವಿಯ ದೋಷವನ್ನೇ ಆಟಿಸಂ ಎಂದು ಭ್ರಮಿಸುವುದುಂಟು.

‘ಅವನ ತಂದೆಯೂ ತಡವಾಗಿಯೇ ಮಾತನಾಡಿದ್ದು’ ಎಂಬ ಸಮಾಧಾನ ಹಲವರ ಬಾಯಲ್ಲಿದೆ. ಕಾಯುವುದರಿಂದ ಆಗುವ ನಷ್ಟವನ್ನು ಆಸ್ಟ್ರೇಲಿಯಾದ ಒಂದು ಪ್ರಯೋಗದಿಂದ ಊಹಿಸಬಹುದು. ಆರಂಭದ ಕುರುಹುಗಳಿದ್ದ ಸುಮಾರು ಒಂದು ವರ್ಷದ 103 ಶಿಶುಗಳ ಪೈಕಿ ಅರ್ಧದಷ್ಟರ ತಾಯ್ತಂದೆಯರಿಗೆ, ಅವರ ಮತ್ತು ಮಗುವಿನ ಒಡನಾಟದ ಚಿತ್ರವನ್ನೇ ತೋರಿಸಿ, ಕೂಸಿನ ಸನ್ನೆಯನ್ನು ಗುರುತಿಸಿ ಸ್ಪಂದಿಸುವುದನ್ನು ಕಲಿಸಿದರು. ಮೂರನೆಯ ವಯಸ್ಸಿನಲ್ಲಿ ಆ ಗುಂಪಿನಲ್ಲಿ ಆಟಿಸಂ ನಿರ್ಣಯ ನೂರಕ್ಕೆ ಸುಮಾರು 7, ಇನ್ನೊಂದರಲ್ಲಿ 20. ತೊಡಕುಗಳೆಲ್ಲ ಮಾಯವಾಗಲಿಲ್ಲ, ಆದರೆ ಔಷಧವಿಲ್ಲದೆ, ಮಗುವಿನ ದೃಷ್ಟಿಯನ್ನು ಹಿರಿಯರು ಹಿಂಬಾಲಿಸಿದ್ದರಿಂದಲೇ ಇಷ್ಟಾಯಿತು.

ಶಾಲೆಗಳ ಪಾಲಿನ ಮಾತೂ ಇದೆ. ‘ಕಣ್ಣಿಟ್ಟು ನೋಡಿ ಉತ್ತರ ಹೇಳು’ ಎಂದು ಇಂಥ ಬಾಲಕನನ್ನು ಗದರಿಸುವ ಉಪಾಧ್ಯಾಯರು, ಮುಖ ತಿರುಗಿಸಿಕೊಂಡೇ ಆತ ಪಾಠ ಕೇಳುತ್ತಿರಬಹುದೆಂಬುದನ್ನು ಅರಿಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಇಂಥ ಮಗುವಿಗೆ ಭೇದವೆಣಿಸದೆ ಪ್ರವೇಶ ಕೊಡಬೇಕು. ಮಠದ ಶಾಲೆಗಳಿಗೆ ಕಾಯಿದೆಯ ಒತ್ತಾಯವಾದರೂ ಏಕೆ ಬೇಕು? ದಾನಿ ಮಹಾಶಯರು ಮಹಾದ್ವಾರಗಳಿಗೂ ಶಿಲಾಫಲಕಗಳಿಗೂ ಉದಾರವಾಗಿ ಕೊಟ್ಟಿದ್ದಾರೆ. ಶಿಶುವಿಹಾರಕ್ಕೆ ತರಬೇತಾದ ಒಬ್ಬ ವಿಶೇಷ ಶಿಕ್ಷಕಿಯ ಸಂಬಳ, ಗದ್ದಲವಿಲ್ಲದ ಒಂದು ಕೊಠಡಿ, ಬೆಂಗಳೂರಿಗೆ ತಪಾಸಣೆಗೆ ಹೋಗುವ ಕುಟುಂಬಕ್ಕೆ ರೈಲುಖರ್ಚು ಮತ್ತು ಆ ದಿನದ ಕೂಲಿ: ಮುಂದಿನ ದತ್ತಿಯನ್ನು ಈ ಮೂರಕ್ಕೆ ಮೀಸಲಿಡುವುದು ಉಚಿತ.